ಗೇಮಿಂಗ್ ಹೆಡ್‌ಫೋನಿಗೆ ಸೌಂಡ್ ಕಾರ್ಡ್: ಒಳಗೆ ಹಾಕಿಸುವುದೋ, ಹೊರಗೆ ಇಡುವುದೋ, ಬೇಡವೇ ಬೇಡವೋ?

ತುಂಗಾತೀರ (ತೀರ್ಥಹಳ್ಳಿ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡು ಹಗಲು ಕಚೇರಿಯ ಕೆಲಸವನ್ನೂ ರಾತ್ರಿ ಕೌಂಟರ್-ಸ್ಟ್ರೈಕ್ 2 ಮತ್ತು ವ್ಯಾಲರಂಟ್ ಆಟಗಳನ್ನೂ ನಡೆಸಿಕೊಂಡು ಬಂದಿದ್ದೇನೆ. ಇತ್ತೀಚೆಗೆ ನೆಂಟರೊಬ್ಬರು ಬಳಸಿದ್ದ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಹೆಡ್‌ಫೋನ್ ನನ್ನ ಕೈ ಸೇರಿತು. 250 ಓಮ್‌ನ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಮಾದರಿ, ಹಿಂಬದಿ ತೆರೆದಿರುವಂಥದ್ದು. ಅದರಲ್ಲಿ ಮೈಕ್ ಇಲ್ಲದ ಕಾರಣ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಒಂದನ್ನು ಕ್ಯಾಬಿನೆಟ್ಟಿನ ಮುಂಭಾಗದ ಗುಲಾಬಿ ಬಣ್ಣದ ತೂತಿಗೆ ಹಾಕಿಕೊಂಡಿದ್ದೇನೆ. ಹೆಡ್‌ಫೋನನ್ನೂ ಮುಂಭಾಗಕ್ಕೇ ಸಿಕ್ಕಿಸುತ್ತೇನೆ.

ತೊಂದರೆ ಮೂರು ಬಗೆಯದು. ವಿಂಡೋಸ್‌ನಲ್ಲಿ ವಾಲ್ಯೂಮ್ 100ಕ್ಕೆ ಏರಿಸಿದರೂ ದನಿ ಸಾಲುವುದಿಲ್ಲ; ಶೀಟಿನ ಮೇಲೆ ಮಳೆ ಹುಯ್ಯುವಾಗಲಂತೂ ಹೆಜ್ಜೆ ಸಪ್ಪಳ ಕೇಳುವುದೇ ಇಲ್ಲ. ಎರಡನೆಯದಾಗಿ, ಆಟ ಶುರುವಾದ ಕೂಡಲೇ ಕಿವಿಯಲ್ಲಿ ಸಣ್ಣಗೆ ‘ಚಿರ್ರ್’ ಎನ್ನುವ ಸದ್ದು ಬರುತ್ತದೆ, ಮೌಸ್ ಆಡಿಸಿದ ಹಾಗೆ ಅದೂ ಆಡುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೆ ಅದಕ್ಕೆ ‘ಗುಂಯ್’ ಎನ್ನುವ ಇನ್ನೊಂದು ಸದ್ದು ಸೇರಿಕೊಳ್ಳುತ್ತದೆ. ಮೂರನೆಯದು, ಎಡ-ಬಲ ಸರಿಯಾಗಿ ತಿಳಿದರೂ ಎದುರಾಳಿ ಮುಂದಿದ್ದಾನೋ ಹಿಂದಿದ್ದಾನೋ ಎಂಬುದು ಗೊತ್ತಾಗುವುದಿಲ್ಲ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, 7.1 (ಎಂಟು ಚಾನೆಲ್ಲಿನ ಸರೌಂಡ್ ಧ್ವನಿ) ಎಂದು ಬರೆದಿರುವ, ಮದರ್‌ಬೋರ್ಡಿಗೆ ಚುಚ್ಚುವ ಸೌಂಡ್ ಕಾರ್ಡ್ ಹಾಕಿಸಿದರೆ ಮೂರೂ ಪರಿಹಾರವಾಗುತ್ತವೆ ಎಂದರು. ಗ್ರಾಫಿಕ್ಸ್ ಕಾರ್ಡ್ ದಪ್ಪಗಿರುವುದರಿಂದ ಅದರ ಕೆಳಗೆ ಒಂದೇ ಒಂದು ಚಿಕ್ಕ ಸ್ಲಾಟ್ ಉಳಿದಿದೆ. ಹಣ ಕೊಡುವ ಮೊದಲು ತಿಳಿದವರ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಸಾಗರದ ಬೆಸುಗೆಗಾರ, ಉತ್ತರ:

ಹಣವನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ನೀವು ಹೇಳಿದ ಮೂರು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ, ಮತ್ತು ಅವುಗಳಲ್ಲಿ ಒಂದಕ್ಕೆ ಮಾತ್ರ ಸೌಂಡ್ ಕಾರ್ಡ್ ನೇರವಾದ ಮದ್ದು.

ಮೊದಲು ಚಿರ್ರ್ ಸದ್ದನ್ನು ನೋಡೋಣ. ಕ್ಯಾಬಿನೆಟ್ಟಿನ ಮುಂಭಾಗದ ಸಾಕೆಟ್ಟಿಗೂ ಮದರ್‌ಬೋರ್ಡಿನ ಧ್ವನಿ ಚಿಪ್ಪಿಗೂ ನಡುವೆ ಒಂದು ತೆಳ್ಳಗಿನ ತಂತಿ ಹಾದುಹೋಗುತ್ತದೆ. ಸಾಮಾನ್ಯವಾಗಿ ಆ ಚಿಪ್ಪು ಬೋರ್ಡಿನ ಹಿಂಬದಿಯ ಕೆಳಮೂಲೆಯಲ್ಲಿರುವುದರಿಂದ, ಆ ತಂತಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ, ಫ್ಯಾನಿನ ವಯರುಗಳ ಜೊತೆಯಲ್ಲಿ, ಕೆಲವೊಮ್ಮೆ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಪಕ್ಕದಲ್ಲೇ ಸುತ್ತಿಕೊಂಡು ಮುಂಭಾಗಕ್ಕೆ ಬರುತ್ತದೆ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಅದಕ್ಕೆ ಜಾಲರಿ ಕವಚವೂ ಇರುವುದಿಲ್ಲ. ಆಟ ಶುರುವಾಗಿ ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಏರಿಳಿಯಲು ತೊಡಗಿದಾಗ ಆ ಏರಿಳಿತವನ್ನೇ ನೀವು ಕಿವಿಯಲ್ಲಿ ಕೇಳುತ್ತಿದ್ದೀರಿ. ಹೆಡ್‌ಫೋನನ್ನು ಹಿಂಭಾಗದ ಹಸಿರು ಸಾಕೆಟ್ಟಿಗೆ ಹಾಕಿ ನೋಡಿ. ಸದ್ದು ಹೋದರೆ ದೋಷ ಮುಂಭಾಗದ ತಂತಿಯದ್ದು, ಚಿಪ್ಪಿನದ್ದಲ್ಲ.

ಗುಂಯ್ ಸದ್ದು ಬೇರೆ ಜಾತಿಯದು. ನಿಮಗೊಂದು ಪ್ರಶ್ನೆ: ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹದ ಭಾಗವನ್ನು, ಹಿಂದಿನ ಸ್ಕ್ರೂವನ್ನೋ ಸಾಕೆಟ್ಟಿನ ಅಂಚನ್ನೋ, ಅಕಸ್ಮಾತ್ ಮುಟ್ಟಿದಾಗ ಜುಮ್ ಎಂದದ್ದುಂಟೇ? ಉಂಟೆಂದಾದರೆ ನಿಮ್ಮ ಸಾಕೆಟ್ಟಿಗೆ ಅರ್ತಿಂಗ್ ತಲುಪುತ್ತಿಲ್ಲ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಎಂಬಂತೆ ಎರಡು ಸಣ್ಣ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿನ ಲೋಹಕ್ಕೆ ಜೋಡಿಸಲ್ಪಟ್ಟಿರುತ್ತವೆ. ಅರ್ತ್ ಇದ್ದರೆ ಅವುಗಳಿಂದ ಸೋರುವ ಅಲ್ಪ ಕರೆಂಟ್ ಭೂಮಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230 ವೋಲ್ಟಿನ ಅರ್ಧದಷ್ಟರಲ್ಲಿ, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ, ತೇಲುತ್ತಿರುತ್ತದೆ. ಕರೆಂಟ್ ತೀರ ಕಡಿಮೆ ಇರುವುದರಿಂದ ಜುಮ್ಮೆನ್ನುತ್ತದೆ, ಅಷ್ಟೇ. ಸ್ಕ್ವೇರ್ ವೇವ್ ಇನ್ವರ್ಟರ್ ಹತ್ತಿದಾಗ ಅದರ ಅಲೆಯಲ್ಲಿರುವ ಮೇಲಿನ ಆವರ್ತನಗಳು ಅದೇ ಕೆಪಾಸಿಟರ್‌ಗಳ ಮೂಲಕ ಇನ್ನೂ ಸುಲಭವಾಗಿ ನುಸುಳುವುದರಿಂದ ಸದ್ದು ಹೆಚ್ಚುತ್ತದೆ. ಹತ್ತು ಸಾವಿರದ ಕಾರ್ಡ್ ಹಾಕಿದರೂ ಅದು ಕೂರುವುದು ಅದೇ ತೇಲುವ ಕ್ಯಾಬಿನೆಟ್ಟಿನ ಒಳಗೇ ತಾನೇ?

ಮನೆಯ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದೆಯೋ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಸಿರು ವಯರನ್ನು ಜೋಡಿಸದೆ ಬಿಟ್ಟಿದ್ದಾರೆಯೋ, ಇನ್ವರ್ಟರಿನಿಂದ ಬರುವ ಲೈನಿಗೆ ಅರ್ತ್ ಎಳೆದೇ ಇಲ್ಲವೋ ಎಂಬುದನ್ನು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರಿನಲ್ಲಿ ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ತೋರಿಸಿದರೆ ಕೆಲಸ ಬಾಕಿ ಇದೆ ಎಂದೇ ಅರ್ಥ. ಸದ್ದು ನಿಲ್ಲಲೆಂದು ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿದುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ.

ವಿನೋಬನಗರದ ಕೇಳುಗ, ಉತ್ತರ:

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ದನಿ ಸಾಲದ ವಿಚಾರವನ್ನು ಮಾತ್ರ ಸ್ವಲ್ಪ ಲೆಕ್ಕ ಹಾಕಿ ಹೇಳುತ್ತೇನೆ, ಏಕೆಂದರೆ ‘250 ಓಮ್, ಆದ್ದರಿಂದ ಕಾರ್ಡ್ ಬೇಕೇ ಬೇಕು’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆಯೇ ಹೊರತು ಎಷ್ಟು ಬೇಕೆಂದು ಯಾರೂ ಹೇಳುವುದಿಲ್ಲ.

ಡಿಟಿ 990 ಪ್ರೊ ಒಂದು ಮಿಲಿವ್ಯಾಟ್ ಶಕ್ತಿಗೆ 96 ಡೆಸಿಬೆಲ್ ಧ್ವನಿ ಕೊಡುತ್ತದೆಂದು ತಯಾರಕರೇ ನಮೂದಿಸಿದ್ದಾರೆ. ಸ್ಫೋಟದಂತಹ ಕ್ಷಣಿಕ ಸದ್ದುಗಳು 110 ಡೆಸಿಬೆಲ್‌ವರೆಗೆ ಒಡೆಯದೆ ಏರಬೇಕೆಂದರೆ 14 ಡೆಸಿಬೆಲ್ ಹೆಚ್ಚು, ಅಂದರೆ ಸುಮಾರು 25 ಮಿಲಿವ್ಯಾಟ್ ಬೇಕು; 250 ಓಮ್‌ಗೆ ಅಷ್ಟು ಶಕ್ತಿ ಹರಿಸಲು 2.5 ವೋಲ್ಟ್ ಬೇಕಾಗುತ್ತದೆ. ಸಾಧಾರಣ ಮದರ್‌ಬೋರ್ಡಿನ ಸಾಕೆಟ್ಟು ಒಂದು ವೋಲ್ಟಿನ ಆಸುಪಾಸಿನಲ್ಲೇ ನಿಂತುಬಿಟ್ಟರೆ ನಿಮಗೆ ಸಿಗುವ ತುದಿ 102 ಡೆಸಿಬೆಲ್. ಅದೇನೂ ಸಣ್ಣ ಸದ್ದಲ್ಲ. ಆದರೆ ಆಟದ ಧ್ವನಿಯಲ್ಲಿ ಸ್ಫೋಟ ತುದಿಯಲ್ಲಿದ್ದರೆ ಹೆಜ್ಜೆ ಸಪ್ಪಳ ಅದಕ್ಕಿಂತ ಎಷ್ಟೋ ಕೆಳಗಿರುವುದರಿಂದ, ನಿಮಗೆ ಬೇಕಾದ ಸದ್ದೇ ಮೊದಲು ಮುಳುಗುತ್ತದೆ. ಹೋಲಿಸಿ ನೋಡಿ: 32 ಓಮ್‌ನ, ಮಿಲಿವ್ಯಾಟಿಗೆ 100 ಡೆಸಿಬೆಲ್ ಕೊಡುವ ಮಾಮೂಲಿ ಹೆಡ್‌ಸೆಟ್ಟಿಗೆ ಅದೇ ಒಂದು ವೋಲ್ಟ್ ಕೊಟ್ಟರೆ 115 ಡೆಸಿಬೆಲ್ ಬರುತ್ತದೆ. ಆದ್ದರಿಂದ ನಿಮ್ಮ ಹೆಡ್‌ಫೋನಿಗೆ ಆಂಪ್ಲಿಫೈಯರ್ ಇರುವ ಸಾಧನ ಬೇಕೆಂಬುದು ನಿಜ. ಈ ಒಂದು ತೊಂದರೆಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ಆದರೆ ಒಳಗಿನ ಕಾರ್ಡೇ ಏಕೆ? 1989ರಲ್ಲಿ ಸೌಂಡ್ ಬ್ಲಾಸ್ಟರ್ ಬಂದ ಕಾಲಕ್ಕೆ ಕಂಪ್ಯೂಟರಿನಿಂದ ಬೀಪ್ ಬಿಟ್ಟು ಬೇರೆ ಸದ್ದು ಹೊರಡಬೇಕಾದರೆ ಕಾರ್ಡ್ ಬೇಕಿತ್ತು. ಮುಂದೆ ಇಎಎಕ್ಸ್ ಎಂಬ ಧ್ವನಿ ತಂತ್ರ ಬಂದು, ಗುಹೆಯ ಪ್ರತಿಧ್ವನಿ, ಗೋಡೆಯಾಚೆಯ ಸದ್ದು ಮುಂತಾದ ಲೆಕ್ಕಗಳನ್ನೆಲ್ಲ ಕಾರ್ಡೇ ಮಾಡತೊಡಗಿತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ, ಡೈರೆಕ್ಟ್‌ಸೌಂಡ್ (ಆಟಗಳು ಧ್ವನಿಗೆ ಬಳಸುತ್ತಿದ್ದ ವಿಂಡೋಸ್‌ನ ಸೌಲಭ್ಯ) ಮೂಲಕ ಆ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ದಾರಿಯನ್ನು ಮುಚ್ಚಿತು. ಅಂದಿನಿಂದ ದಿಕ್ಕಿನ ಲೆಕ್ಕ ಬಹುತೇಕ ಆಟದ ಒಳಗೆ, ಪ್ರೊಸೆಸರಿನಲ್ಲೇ ನಡೆಯುತ್ತಿದೆ. ಇಂದು ಸೌಂಡ್ ಕಾರ್ಡ್ ಮಾಡಬೇಕಾದದ್ದು ಅಂಕಿಗಳನ್ನು ಶುದ್ಧವಾಗಿ ವಿದ್ಯುತ್ತಿಗೆ ಇಳಿಸಿ ಸಾಕಷ್ಟು ಬಲ ತುಂಬಿ ಹೆಡ್‌ಫೋನಿಗೆ ತಲುಪಿಸುವುದನ್ನು ಮಾತ್ರ. ಎರಡೇ ಕಿವಿಯ ಹೆಡ್‌ಫೋನಿಗೆ 7.1 ಎಂಬ ಚೀಟಿಯಿಂದ ಏನೂ ಆಗಬೇಕಿಲ್ಲ.

ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಎಇ-5ರಂತಹ ಒಳಗಿನ ಕಾರ್ಡುಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅದರ ಹೆಡ್‌ಫೋನ್ ಆಂಪ್ಲಿಫೈಯರ್ ನಿಮ್ಮ 250 ಓಮ್ ಅನ್ನು ನಿರಾಯಾಸವಾಗಿ ನಡೆಸುತ್ತದೆ. ಆದರೆ ನಿಮಗುಳಿದಿರುವ ಒಂದೇ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಎದುರಾಗಿದೆ: ಗಾಳಿ ಹೋಗುವ ಜಾಗ ಕಿರಿದಾಗುತ್ತದೆ, ಕಾರ್ಡು ಗದ್ದಲದ ಪಕ್ಕದಲ್ಲೇ ಕೂರುತ್ತದೆ. ಯುಎಸ್‌ಬಿಯಲ್ಲಿ ಹೊರಗಿಡುವ ಸೌಂಡ್ ಬ್ಲಾಸ್ಟರ್‌ಎಕ್ಸ್ ಜಿ6ರಂತಹದ್ದಾದರೆ ಅದರ ಔಟ್‌ಪುಟ್ ಇಂಪೀಡೆನ್ಸ್ (ಹೆಡ್‌ಫೋನ್ ಸಾಕೆಟ್ಟಿನ ಒಳತಡೆ) ಒಂದು ಓಮ್, ಮೈಕಿಗೆ ಪ್ರತ್ಯೇಕ ಸಾಕೆಟ್ ಇದೆ, ನಾಳೆ ಲ್ಯಾಪ್‌ಟಾಪಿಗೂ ಹಾಕಬಹುದು, ಗುಡುಗು ಶುರುವಾದರೆ ಕಿತ್ತು ಪೆಟ್ಟಿಗೆಯೊಳಗೂ ಇಡಬಹುದು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಸಿಡಿಲಿನ ಮಟ್ಟಿಗೆ ಕೊನೆಯದೂ ಒಂದು ಗುಣವೇ.

ಇನ್ನು ಮಳೆಯ ವಿಚಾರ. ಹಿಂಬದಿ ತೆರೆದ ಹೆಡ್‌ಫೋನಿಗೆ ಶೀಟಿನ ಮೇಲಿನ ಮಳೆಯನ್ನು ತಡೆಯುವ ಶಕ್ತಿ ಇಲ್ಲವೇ ಇಲ್ಲ, ಅದನ್ನು ಗೆಲ್ಲಲು ವಾಲ್ಯೂಮ್ ಏರಿಸುತ್ತಾ ಹೋಗುವುದು ಕಿವಿಗೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಲಿಸುವಿಕೆಯ ಮಾನದಂಡ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎನ್ನುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಮಳೆಗಾಲದಲ್ಲೂ ಆಡಲೇಬೇಕೆಂದಿದ್ದರೆ ಡಿಟಿ 770 ಪ್ರೊನಂತಹ ಮುಚ್ಚಿದ ಹೆಡ್‌ಫೋನನ್ನು ಯೋಚಿಸಿ. 80 ಓಮ್‌ನ ಮಾದರಿಗೆ ಮೇಲಿನ ಲೆಕ್ಕದಲ್ಲಿ 1.4 ವೋಲ್ಟ್ ಸಾಕು.

ಹಾಸ್ಟೆಲ್ ಕೋಣೆ (ಶಿವಮೊಗ್ಗ), ಉಪಪ್ರಶ್ನೆ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ನನ್ನದು ಲ್ಯಾಪ್‌ಟಾಪ್, 32 ಓಮ್‌ನ ಹೆಡ್‌ಸೆಟ್, ಒಂದೇ ಪಿನ್ನಿನಲ್ಲಿ ಮೈಕೂ ಸೇರಿದೆ. ಲ್ಯಾಪ್‌ಟಾಪಿನ ಸಾಕೆಟ್ ಸಡಿಲವಾಗಿರುವುದರಿಂದ ಏನಾದರೂ ತೆಗೆದುಕೊಳ್ಳಲೇಬೇಕಾಗಿದೆ. ನನಗೂ ಜಿ6 ಬೇಕೇ?

ವಿನೋಬನಗರದ ಕೇಳುಗ, ಉತ್ತರ:

ಖಂಡಿತ ಬೇಡ. ಫೋನಿಗೆಂದು ಮಾರುವ, ಯುಎಸ್‌ಬಿ-ಸಿಯಿಂದ 3.5 ಮಿ.ಮೀ. ಸಾಕೆಟ್ಟಿಗೆ ಬದಲಾಯಿಸುವ ಬಾಲದಂತಹ ಡಾಂಗಲ್ ಸಾಕು. ಆಪಲ್ ಮಾರುವ ಚಿಕ್ಕ ಡಾಂಗಲ್ ವಿಂಡೋಸ್‌ನಲ್ಲೂ ಕೆಲಸ ಮಾಡುತ್ತದೆ, ನಿಮ್ಮ ಹೆಡ್‌ಸೆಟ್ಟಿಗೆ ಅದು ಧಾರಾಳ. ಒಂದು ಎಚ್ಚರಿಕೆ: ಬಿಡಿಯಾಗಿ ಸಿಗುವ ಅಡಾಪ್ಟರುಗಳಲ್ಲಿ ಕೆಲವು ಬರೀ ತಂತಿಯ ಜೋಡಣೆ, ಒಳಗೆ ಚಿಪ್ಪೇ ಇರುವುದಿಲ್ಲ, ಡಿಎಸಿ (ಅಂಕಿಗಳನ್ನು ಧ್ವನಿಯ ವಿದ್ಯುತ್ತಿಗೆ ಇಳಿಸುವ ಚಿಪ್ಪು) ಇದೆಯೆಂದು ನಮೂದಿಸಿರುವುದನ್ನೇ ಕೊಳ್ಳಿ. ನಿಮ್ಮ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಮೈಕ್ ಸಮೇತ ನಡೆಯುತ್ತದೆ. ಬ್ಲೂಟೂತ್ ಹೆಡ್‌ಸೆಟ್ ಬೇಡ, ಸದ್ದು ತಡವಾಗಿ ಬರುತ್ತದೆ. ಮೈಕ್ ತೆರೆದೊಡನೆ ಧ್ವನಿಯ ಗುಣಮಟ್ಟ ಕುಸಿಯುವುದೂ ಉಂಟು.

ತುಂಗಾತೀರ (ತೀರ್ಥಹಳ್ಳಿ):

ಇಬ್ಬರಿಗೂ ಧನ್ಯವಾದಗಳು. ಹಿಂಭಾಗದ ಹಸಿರು ಸಾಕೆಟ್ಟಿಗೆ ಹಾಕಿದ ಕೂಡಲೇ ಚಿರ್ರ್ ಸದ್ದು ಪೂರ್ತಿ ಹೋಯಿತು. ಜುಮ್ ಎನ್ನುವ ವಿಚಾರ ಓದಿ ಮನೆಯವರೆಲ್ಲ ನಕ್ಕರು, ಏಕೆಂದರೆ ಆ ಕ್ಯಾಬಿನೆಟ್ಟನ್ನು ಚಪ್ಪಲಿ ಹಾಕಿಕೊಂಡೇ ಮುಟ್ಟುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದಾಗ ಅರ್ತ್ ವಯರ್ ಗೋಡೆಯ ಪೆಟ್ಟಿಗೆಯೊಳಗೆ ಮಡಚಿ ಕೂತಿತ್ತು, ಯಾವುದಕ್ಕೂ ಜೋಡಿಸಿರಲಿಲ್ಲ. ಅದನ್ನು ಸರಿಪಡಿಸಿ ಅರ್ತ್ ಗುಂಡಿಗೆ ನೀರು ಹೊಯ್ದ ಮೇಲೆ ಕರೆಂಟಿನಲ್ಲಿ ಒಂದಿಷ್ಟೂ ಸದ್ದಿಲ್ಲ. ಇನ್ವರ್ಟರಿನಲ್ಲಿ ಕಿವಿಗೊಟ್ಟು ಕೇಳಿದರೆ ಮಾತ್ರ ತೀರ ಸಣ್ಣಗಿದೆ. ದನಿಯ ಲೆಕ್ಕವನ್ನು ಒಪ್ಪಿ ಹೊರಗಿಡುವ ಜಿ6 ತರಿಸಿದ್ದೇನೆ. ಈಗ ಉಳಿದಿರುವುದು ಮುಂದೆ-ಹಿಂದೆ ತಿಳಿಯದ ಸಮಸ್ಯೆ ಮತ್ತು ಟ್ಯೂನಿಂಗ್. ಅದರ ತಂತ್ರಾಂಶದಲ್ಲಿ ಹತ್ತಾರು ಗುಂಡಿಗಳಿವೆ, ಯಾವುದನ್ನು ಒತ್ತಬೇಕು?

ಕೊಪ್ಪದ ಕಾಫಿಗಿಡ, ಉತ್ತರ:

ಹೆಚ್ಚಿನವನ್ನು ಆಫ್ ಮಾಡುವುದೇ ಟ್ಯೂನಿಂಗಿನ ಮೊದಲ ಹೆಜ್ಜೆ. ಕಾರಣ ತಿಳಿದರೆ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಎಡದಿಂದ ಬಂದ ಸದ್ದು ಬಲಗಿವಿಗೆ ಮುಟ್ಟುವಾಗ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾಗುತ್ತದೆ, ತಲೆಯ ಅಡ್ಡಿಯಿಂದ ಸ್ವಲ್ಪ ಕ್ಷೀಣಿಸುತ್ತದೆ. ಎಡ-ಬಲ ತಿಳಿಯುವುದು ಇದರಿಂದ. ಆದರೆ ನೇರ ಮುಂದಿನ ಮತ್ತು ನೇರ ಹಿಂದಿನ ಸದ್ದುಗಳು ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತವೆ. ಅವುಗಳನ್ನು ಬೇರ್ಪಡಿಸುವುದು ಕಿವಿಯ ಹಾಲೆಯ ಮಡಿಕೆಗಳು: ಮುಖ್ಯವಾಗಿ ಕೆಲವು ಸಾವಿರ ಹರ್ಟ್ಜ್‌ಗಿಂತ ಮೇಲಿನ ಆವರ್ತನಗಳಲ್ಲಿ ಅವು ಒಂದೊಂದು ದಿಕ್ಕಿಗೆ ಒಂದೊಂದು ಬಗೆಯ ಏರುತಗ್ಗು ಮೂಡಿಸುತ್ತವೆ. ಆ ಏರುತಗ್ಗನ್ನು ಲೆಕ್ಕದಿಂದ ಸೃಷ್ಟಿಸುವ ವಿಧಾನವೇ ಎಚ್‌ಆರ್‌ಟಿಎಫ್. ವ್ಯಾಲರಂಟ್‌ಗೆ ಇದು 2021ರಲ್ಲಿ ಬಂತು, ಧ್ವನಿ ಸೆಟ್ಟಿಂಗಿನಲ್ಲಿ ಆನ್ ಮಾಡಿಕೊಳ್ಳಬೇಕು. ಕೌಂಟರ್-ಸ್ಟ್ರೈಕ್ 2ರಲ್ಲಿ ಅದು ಆಟದೊಳಗೇ ಬೆರೆತಿದೆ.

ಈಗ ಆಟ ಒಮ್ಮೆ ಈ ಲೆಕ್ಕ ಮಾಡಿ ಕೊಟ್ಟ ಎರಡು ಚಾನೆಲ್ಲಿನ ಧ್ವನಿಯನ್ನು ಜಿ6ರ ವರ್ಚುವಲ್ 7.1 ಇಲ್ಲವೇ ವಿಂಡೋಸ್‌ನದೇ ಸರೌಂಡ್ ಸೌಲಭ್ಯವಾದ ವಿಂಡೋಸ್ ಸೋನಿಕ್ ಮತ್ತೊಮ್ಮೆ ಅದೇ ಲೆಕ್ಕಕ್ಕೆ ಹಾಕಿದರೆ ಏನಾಗುತ್ತದೆ? ಸೋಸಿದ ಡಿಕಾಕ್ಷನ್ನನ್ನು ಚರಟದ ಮೇಲೆ ಮತ್ತೆ ಹೊಯ್ದ ಹಾಗೆ, ಎರಡನೆಯ ಸಲದ್ದು ಮೊದಲನೆಯದನ್ನು ಕೆಡಿಸುತ್ತದೆ. ಅದಕ್ಕೇ ಈ ಎರಡು ಆಟಗಳಿಗೆ ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್, ಸೌಂಡ್ ಬ್ಲಾಸ್ಟರಿನ ಸರೌಂಡ್ ಆಫ್, ಬಾಸ್ ಏರಿಸುವ ಗುಂಡಿ ಆಫ್, ಆಟದಲ್ಲಿ ಸ್ಟೀರಿಯೋ ಅಥವಾ ಹೆಡ್‌ಫೋನ್ ಎಂಬ ಆಯ್ಕೆ. ಸ್ವಂತ ಎಚ್‌ಆರ್‌ಟಿಎಫ್ ಇಲ್ಲದ, ಆದರೆ 7.1 ಧ್ವನಿ ಹೊರಡಿಸುವ ಹಳೆಯ ಕಥೆಯ ಆಟಗಳಿಗೆ ಮಾತ್ರ ಸರೌಂಡ್ ಹಾಕಿಕೊಳ್ಳಿ. ಅಲ್ಲಿ ಅದು ಸೊಗಸಾಗಿಯೇ ಇರುತ್ತದೆ. ಸ್ಕೌಟ್ ಮೋಡ್ ಎಂಬುದು ಸಣ್ಣ ಸದ್ದುಗಳನ್ನು ಎತ್ತಿ ಕೊಡುವುದರಿಂದ ಹೆಜ್ಜೆ ಜೋರಾಗಿ ಕೇಳುತ್ತದೆ ನಿಜ, ಆದರೆ ದೂರ-ಹತ್ತಿರದ ಅಂದಾಜು ಕೆಡುತ್ತದೆ. ನನಗದು ಹಿಡಿಸಿಲ್ಲ.

ವಿಂಡೋಸ್‌ನ ಹಳೆಯ ಸೌಂಡ್ ಪ್ಯಾನೆಲ್ ತೆರೆದು, ಸಾಧನದ ಅಡ್ವಾನ್ಸ್ಡ್ ಪುಟದಲ್ಲಿ 24 ಬಿಟ್, 48000 ಹರ್ಟ್ಜ್ ಇಡಿ. ಅದಕ್ಕಿಂತ ದೊಡ್ಡ ಅಂಕಿಯಿಂದ ಆಟಕ್ಕೆ ಏನೂ ಲಾಭವಿಲ್ಲ. ಕಮ್ಯುನಿಕೇಷನ್ಸ್ ಪುಟದಲ್ಲಿ ‘ಡೂ ನಥಿಂಗ್’ ಆರಿಸದಿದ್ದರೆ ಗೆಳೆಯರು ಮಾತಿಗೆ ಬಂದ ಕೂಡಲೇ ಆಟದ ಸದ್ದನ್ನು ವಿಂಡೋಸ್ ತಾನೇ ತಗ್ಗಿಸಿಬಿಡಬಹುದು.

ಈಕ್ವಲೈಜರ್ (ಒಂದೊಂದು ಆವರ್ತನವನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ) ವಿಚಾರದಲ್ಲಿ ಸ್ವಲ್ಪ ನಿಧಾನಿಸಿ. ನಿಮ್ಮ ಹೆಡ್‌ಫೋನಿಗೆ 8 ಕಿಲೋಹರ್ಟ್ಜ್ ಸುತ್ತಮುತ್ತ ಎತ್ತರದ ಒಂದು ಗೂಟವಿದೆ, ಅಂದರೆ ಆ ಭಾಗದ ಸದ್ದು ಉಳಿದದ್ದಕ್ಕಿಂತ ಜೋರು. ಗಾಜು ಒಡೆಯುವ ಸದ್ದು, ರೈಫಲ್ಲಿನ ಸಿಡಿತ ಕಿವಿಗೆ ಚುಚ್ಚುವುದು ಅದರಿಂದಲೇ. ಅದನ್ನು ಪೂರ್ತಿ ಬೋಳಿಸಬೇಕೆನಿಸುತ್ತದೆ, ಆದರೆ ಮುಂದೆ-ಹಿಂದೆ ಹೇಳುವ ಸುಳಿವುಗಳೂ ಆ ಭಾಗದಲ್ಲೇ ಇರುವುದನ್ನು ಮರೆಯಬೇಡಿ. ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶದಲ್ಲಿ 8 ಕಿಲೋಹರ್ಟ್ಜ್‌ನಲ್ಲಿ ಕಿರಿದಾದ ಫಿಲ್ಟರ್ ಒಂದನ್ನು, ಕ್ಯೂ (ಫಿಲ್ಟರ್ ಎಷ್ಟು ಕಿರಿದೆಂಬ ಅಂಕಿ) 3ರ ಆಸುಪಾಸು, ಮೈನಸ್ 4 ಡೆಸಿಬೆಲ್‌ಗೆ ಇಡಿ. 120 ಹರ್ಟ್ಜ್‌ನಲ್ಲಿ ಅಗಲವಾದ ಇನ್ನೊಂದನ್ನು ಮೈನಸ್ 2 ಅಥವಾ 3ಕ್ಕೆ ಇಳಿಸಿದರೆ ಸ್ಫೋಟದ ಗುಡುಗು ತಗ್ಗಿ, ಅದರ ನೆರಳಿನಲ್ಲಿ ಮುಚ್ಚಿಹೋಗಿದ್ದ ಹೆಜ್ಜೆಗಳು ಮೇಲೆ ಬರುತ್ತವೆ. ಹೆಜ್ಜೆ ಬೇಕೆಂದು ಹೆಜ್ಜೆಯನ್ನೇ ಎತ್ತುವುದಕ್ಕಿಂತ ಅಡ್ಡ ಬರುವುದನ್ನು ಇಳಿಸುವುದು ಮೇಲು. ಎಲ್ಲಿಯಾದರೂ 3 ಡೆಸಿಬೆಲ್ ಏರಿಸಿದರೆ ಪ್ರಿಆಂಪ್ (ಒಟ್ಟು ಸದ್ದಿನ ಮಟ್ಟ) ಅಂಕಿಯನ್ನೂ ಮೈನಸ್ 3ಕ್ಕೆ ಇಳಿಸಿ, ಇಲ್ಲದಿದ್ದರೆ ಜೋರು ಸದ್ದುಗಳು ಒಡೆಯುತ್ತವೆ. ಅದನ್ನು ಅನುಸ್ಥಾಪಿಸುವಾಗ ಸಾಧನಗಳ ಪಟ್ಟಿಯಲ್ಲಿ ಜಿ6 ಅನ್ನು ಗುರುತು ಹಾಕಬೇಕು. ಡ್ರೈವರ್ ಬದಲಾದ ಮೇಲೆ ಪರಿಣಾಮ ನಿಂತಿದ್ದರೆ ಅಲ್ಲೇ ಮತ್ತೆ ಗುರುತು ಹಾಕಿ.

ಆಟದ ಎಚ್‌ಆರ್‌ಟಿಎಫ್ ಯಾರದೋ ಸರಾಸರಿ ಕಿವಿಯನ್ನು ಆಧರಿಸಿದ್ದು, ನಿಮ್ಮ ಕಿವಿಯನ್ನಲ್ಲ. ಅನುಮಾನ ಬಂದಾಗ ಮೌಸನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ: ಸದ್ದು ಎಡಕ್ಕೆ ಸರಿದರೆ ಆತ ಮುಂದಿದ್ದಾನೆ, ಬಲಕ್ಕೆ ಸರಿದರೆ ಹಿಂದಿದ್ದಾನೆ.

ತುಂಗಾತೀರ (ತೀರ್ಥಹಳ್ಳಿ):

ಸರೌಂಡ್ ಆಫ್ ಮಾಡಿದ್ದೇ ದೊಡ್ಡ ವ್ಯತ್ಯಾಸ ಮಾರಾಯ್ರೆ, ಅದು ಮೊದಲಿನಿಂದ ಆನ್ ಆಗಿಯೇ ಬಂದಿತ್ತು. ಮೌಸ್ ತಿರುಗಿಸುವ ಉಪಾಯವೂ ಕೆಲಸ ಮಾಡುತ್ತಿದೆ. ಒಂದೇ ಸಂದೇಹ ಉಳಿದಿದೆ: ಜಿ6ರ ಗೇನ್ ಸ್ವಿಚ್ (ಆಂಪ್ಲಿಫೈಯರಿನ ಬಲ ಹೆಚ್ಚು-ಕಡಿಮೆ ಮಾಡುವಂಥದ್ದು) ಹೈ ಕಡೆ ಇಡಬೇಕೋ ಲೋ ಕಡೆಯೋ? ಹಾಗೆಯೇ ಮಳೆಗಾಲದಲ್ಲಿ ಈ ಸಾಧನವನ್ನು ಹೇಗೆ ನೋಡಿಕೊಳ್ಳುವುದು?

ಸಾಗರದ ಬೆಸುಗೆಗಾರ:

250 ಓಮ್‌ಗೆ ಹೈ. ಆದರೆ ಬೇರೆ ಇಯರ್‌ಫೋನ್ ಸಿಕ್ಕಿಸುವ ಮೊದಲು ಲೋಗೆ ತಂದು ವಾಲ್ಯೂಮ್ ಇಳಿಸಿರಿ. 16 ಓಮ್‌ನ ಇಯರ್‌ಫೋನಿಗೆ ಆ ಬಲ ಬಿದ್ದರೆ ಕಿವಿಗೂ ಕೇಡು, ಇಯರ್‌ಫೋನಿಗೂ ಕೇಡು.

ಆಷಾಢದ ಹೊತ್ತಿಗೆ ನಮ್ಮಲ್ಲಿ ಪಿನ್ನು ಮತ್ತು ಸಾಕೆಟ್ಟಿನ ಲೋಹ ಮಂಕಾಗಿ, ಹೊರಳಿಸಿದಾಗ ಕರಕರ ಎನ್ನುತ್ತದೆ, ಇಲ್ಲವೇ ಒಂದು ಕಿವಿ ಸುಮ್ಮನಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ತಾಗಿಸಿ ಪಿನ್ನನ್ನು ಒರೆಸಿ, ಪೂರ್ತಿ ಆರಿದ ಮೇಲೆ ಸಾಕೆಟ್ಟಿಗೆ ಹಾಕಿ ನಾಲ್ಕಾರು ಸಲ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಹೆಡ್‌ಫೋನಿನ ಮಖಮಲ್ಲಿನ ಮೆತ್ತೆಗಳು ಬೆವರು ಹೀರಿ ಬೂಸಲು ಹಿಡಿಯುತ್ತವೆ. ಅವು ಕಳಚಿ ಬರುವಂಥವು, ತೊಳೆದು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಮೈಕನ್ನೂ ಮುಂಭಾಗದಿಂದ ತೆಗೆದು ಜಿ6ರ ಮೈಕ್ ಸಾಕೆಟ್ಟಿಗೇ ಹಾಕಿ. ಹೆಡ್‌ಫೋನಿನಲ್ಲಿ ಹೋದ ಚಿರ್ರ್ ಸದ್ದು ಮೈಕಿನ ತಂತಿಯಲ್ಲಿ ಇನ್ನೂ ಉಳಿದಿರುವ ಸಾಧ್ಯತೆ ಹೆಚ್ಚು, ಅದು ನಿಮಗೆ ಕೇಳಿಸುವುದಿಲ್ಲ, ಜೊತೆಗೆ ಆಡುವವರಿಗೆ ಕೇಳಿಸುತ್ತದೆ.